ಕೊನೆಯ ನುಡಿಯಲ್ಲಿ ಉಳಿದ ಹೆಸರು

ದೊಡ್ಡವರ ಜಯಂತಿ, ಸಂಸ್ಥೆಗಳ ಬೆಳ್ಳಿಹಬ್ಬ, ಪುಸ್ತಕಗಳ ವಜ್ರಮಹೋತ್ಸವ ಇವು ನಮಗೆ ರೂಢಿಯಾದ ಸಂಗತಿಗಳು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಹಾಡಿನ ತಟ್ಟೆಯ ಜಯಂತಿಯೂ ಬಂದು ಸೇರಿದೆ. ಗ್ರಾಮಫೋನಿನ ಕಾಲ ಮುಗಿಯಿತೆಂದು ನಾವು ತಿಳಿದಿದ್ದೆವು. ಆದರೆ ಆ ಕರಿಯ ತಟ್ಟೆ ಮತ್ತೆ ಅಂಗಡಿಗೆ ಬಂದಿದೆ. ಹೆಸರಾಂತ ಗಾಯಕನ ಮೊದಲ ಮುದ್ರಿಕೆಗೆ ಐವತ್ತೋ ಅರವತ್ತೋ ವರ್ಷ ತುಂಬಿತೆಂದರೆ, ಅದನ್ನು ವಿನೈಲಿನಲ್ಲಿ ಹೊಸದಾಗಿ ಒತ್ತಿ, ಹಳೆಯ ಹೊದಿಕೆಯನ್ನೇ ತೊಡಿಸಿ ಮಾರುವ ಪದ್ಧತಿ ಪಶ್ಚಿಮದಲ್ಲಿ ಬೆಳೆದಿದೆ. ನಮ್ಮ ಪಟ್ಟಣಗಳಲ್ಲಿಯೂ ಅಂಥ ತಟ್ಟೆಗಳನ್ನು ತರಿಸಿಕೊಳ್ಳುವ ತರುಣರಿದ್ದಾರೆ. ಬೆಳಗಾವಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಹೀಗೆ ತರಿಸಿದ ಒಂದು ತಟ್ಟೆಯನ್ನು ಈಚೆಗೆ ನನಗೆ ತೋರಿಸಿದರು. ಅದು ಅಮೇರಿಕೆಯ ಬಾಬ್ ಡಿಲನ್ನರ ಮೊದಲ ಮುದ್ರಿಕೆ. ಅದರ ನೆವದಿಂದ ನಮ್ಮ ಸೀಮೆಯ ಲಾವಣಿಗಳ ಬಗೆಗೆ ಕೆಲವು ಮಾತುಗಳನ್ನು ಹೇಳಬೇಕೆನಿಸಿತು.

2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಪಡೆದ ಡಿಲನ್ನರ ಹೆಸರು ಓದುಗರಿಗೆ ಹೊಸದಲ್ಲ. ಅವರು ತಮ್ಮ ಮೊದಲ ಮುದ್ರಿಕೆಗಾಗಿ ಹಾಡಿದ್ದು 1961ರ ನವೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಅವರ ವಯಸ್ಸು 20. ತಟ್ಟೆ ಹೊರಬಂದದ್ದು 1962ರ ಮಾರ್ಚ್ 19ರಂದು. ಮೊದಲಿಗೆ ಅದನ್ನು ಕೊಂಡವರು ಕಡಿಮೆ. ಆದರೆ ಹಾಡುಗಾರ ದೊಡ್ಡವನಾದ ಮೇಲೆ ಅವನ ಮೊದಲ ತಟ್ಟೆಯೂ ದೊಡ್ಡದಾಗುತ್ತದೆ. 2022ರಲ್ಲಿ ಅದಕ್ಕೆ 60 ವರ್ಷ ತುಂಬಿದವು. ಆ ತಟ್ಟೆಯಲ್ಲಿರುವ ಹಾಡುಗಳು 13. ಅವುಗಳಲ್ಲಿ ಡಿಲನ್ನರು ತಾವೇ ಕಟ್ಟಿದವು ಎರಡು ಮಾತ್ರ. ಮಿಕ್ಕವುಗಳಲ್ಲಿ ಹೆಚ್ಚಿನವು ಹಿಂದಿನಿಂದ ಜನರ ಬಾಯಲ್ಲಿ ನಡೆದುಬಂದ ಪದಗಳು, ಕೆಲವು ಬೇರೆ ಹಾಡುಗಾರರವು. ನಾವು ಆಚರಿಸುವ ಜಯಂತಿ ಒಬ್ಬನದು, ತಟ್ಟೆಯೊಳಗಿನ ಸಂಪತ್ತು ಹಲವರದು.

ಅದರಲ್ಲಿಯ ಒಂದು ಹಾಡಿನ ಕಥೆಯನ್ನು ನೋಡಬಹುದು. 'ಹೌಸ್ ಆಫ್ ದಿ ರೈಸಿಂಗ್ ಸನ್' ಎಂಬ ಈ ಹಾಡು ಈಗ ಜಗತ್ತಿನ ಮೂಲೆ ಮೂಲೆಗೆ ಗೊತ್ತು. ಜನಪದ ಗೀತಗಳನ್ನು ಹುಡುಕುತ್ತ ಊರೂರು ತಿರುಗುತ್ತಿದ್ದ ಅಲನ್ ಲೋಮ್ಯಾಕ್ಸ್ 1937ರಲ್ಲಿ ಕೆಂಟಕಿ ಸಂಸ್ಥಾನದ ಮಿಡಲ್ಸ್‌ಬರೋ ಎಂಬ ಊರಿನಲ್ಲಿ ಇದನ್ನು ಮುದ್ರಿಸಿಕೊಂಡರು. ಹಾಡಿದವಳು ಜಾರ್ಜಿಯಾ ಟರ್ನರ್ ಎಂಬ 16 ವರ್ಷದ ಬಡ ಹುಡುಗಿ. 1941ರಲ್ಲಿ ಲೋಮ್ಯಾಕ್ಸರು ಅದನ್ನು ತಮ್ಮ ಸಂಕಲನದಲ್ಲಿ ಅಚ್ಚು ಹಾಕಿಸಿದರು. ಅನೇಕರು ಹಾಡಿದರು. ನ್ಯೂಯಾರ್ಕಿನ ಹಾಡುಗಾರ ಡೇವ್ ವ್ಯಾನ್ ರಾಂಕ್ ಅದಕ್ಕೊಂದು ಹೊಸ ಸ್ವರಸಂಯೋಜನೆ ಮಾಡಿಕೊಂಡಿದ್ದರು. ಡಿಲನ್ನರು ಅದನ್ನೇ ಎತ್ತಿಕೊಂಡು ತಮ್ಮ ತಟ್ಟೆಯಲ್ಲಿ ಹಾಡಿದರು. ಆಮೇಲೆ ವ್ಯಾನ್ ರಾಂಕ್ ತಮ್ಮ ಹಾಡನ್ನು ತಾವೇ ಬಿಡಬೇಕಾಯಿತು. ಅವರು ಹಾಡಿದಾಗಲೆಲ್ಲ ಜನ 'ಇದು ಡಿಲನ್ನರಿಂದ ಕಲಿತದ್ದು' ಎನ್ನತೊಡಗಿದ್ದರಂತೆ! ಹಾಡು ಒಂದೇ. ಆದರೆ ತಟ್ಟೆಯ ಮೇಲೆ ಹೆಸರು ಬಂದವನು ಅದಕ್ಕೆ ಒಡೆಯನಾದ.

ಇರಲಿ, ಅದು ದೂರದೇಶದ ಮಾತು. ನಮ್ಮ ಬೆಳಗಾವಿ ಸೀಮೆಯ ಜನಪದ ಹಾಡಿನ ಮೊದಲ 'ಮುದ್ರಿಕೆ' ಯಾವುದು? ಧ್ವನಿಯನ್ನು ಬಿಟ್ಟು ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ಆ ಮಾನ ಜಾನ್ ಫೇತ್‌ಫುಲ್ ಫ್ಲೀಟ್ ಸಾಹೇಬರ ಲಾವಣಿ ಸಂಗ್ರಹಕ್ಕೆ ಸಲ್ಲಬೇಕೆಂದು ನನ್ನ ಎಣಿಕೆ. 1847ರಲ್ಲಿ ಹುಟ್ಟಿದ ಫ್ಲೀಟ್ 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಸೇರಿದರು. ನಮ್ಮ ಭಾಗದಲ್ಲಿ ವಿದ್ಯಾಖಾತೆಯ ಅಧಿಕಾರಿಯಾಗಿಯೂ ಇದ್ದರು. ಕನ್ನಡನಾಡಿನ ರಾಜಮನೆತನಗಳನ್ನು ಕುರಿತು 1882ರಲ್ಲಿ ಅವರು ಬರೆದ ಗ್ರಂಥ ಇತಿಹಾಸದ ವಿದ್ಯಾರ್ಥಿಗಳಿಗೆ ಇಂದಿಗೂ ಬೇಕು. ಖಾನಾಪುರ ತಾಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಓದಿ ಪ್ರಕಟಿಸಿದವರೂ ಅವರೇ. ತಾಮ್ರದ ಹಾಳೆಯ ಮೇಲೆ ಸಾವಿರದ ಐನೂರು ವರ್ಷಗಳ ಹಿಂದಿನ ಅರಸರ ಮಾತನ್ನು ಓದಿದ ಈ ವಿದ್ವಾಂಸರು, ಅದೇ ಸೀಮೆಯ ರೈತರು ಹಾಡಿಕೊಳ್ಳುತ್ತಿದ್ದ ಪದಗಳನ್ನೂ ಹಗುರಾಗಿ ನೋಡಲಿಲ್ಲ. 1885ರಿಂದ 'ಇಂಡಿಯನ್ ಆ್ಯಂಟಿಕ್ವೆರಿ' ಎಂಬ ವಿದ್ವತ್ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲೀಷ್ ಅನುವಾದದೊಡನೆ ಬಿಡಿಬಿಡಿಯಾಗಿ ಪ್ರಕಟಿಸಿದರು.

ಆ ಲಾವಣಿಗಳ ವಸ್ತುವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಒಂದು ಸಂಗೊಳ್ಳಿ ರಾಯಣ್ಣನ ದಂಗೆಯನ್ನು ಕುರಿತದ್ದು. ಇನ್ನೊಂದು 1857ರ ಹಲಗಲಿ ಬೇಡರ ದಂಗೆಯನ್ನು ಕುರಿತದ್ದು. ಮತ್ತೊಂದು ಬೈಲಹೊಂಗಲದ ಸಂಗ್ಯಾನ ಕೊಲೆಯ ಪ್ರಸಂಗ. ಮುಂದೆ ಸಣ್ಣಾಟವಾಗಿ, ಆಮೇಲೆ ಚಂದ್ರಶೇಖರ ಕಂಬಾರರ ನಾಟಕವಾಗಿ ನಾಡಿಗೆಲ್ಲ ಪರಿಚಯವಾದ ಕಥೆ ಇದೇ. ಇಂಗ್ಲೀಷ್ ಸರಕಾರ ಹೇರಿದ ಉತ್ಪನ್ನ ತೆರಿಗೆಯನ್ನು ಕುರಿತೂ ಒಂದು ಲಾವಣಿ ಇದೆ. ಈ ತೆರಿಗೆ ನಮ್ಮ ದೇಶಕ್ಕೆ ಮೊದಲು ಬಂದದ್ದು 1860ರಲ್ಲಿ. ವೃತ್ತಪತ್ರಿಕೆ ಮುಟ್ಟದ ಹಳ್ಳಿಗಳಲ್ಲಿ ಲಾವಣಿಕಾರನೇ ವೃತ್ತಪತ್ರಿಕೆಯಾಗಿದ್ದನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ. ಸರಕಾರದ ವಿರುದ್ಧ ಕಟ್ಟಿದ ಹಾಡನ್ನು ಸರಕಾರದ ಅಧಿಕಾರಿಯೇ ಅಚ್ಚು ಹಾಕಿಸಿ ಉಳಿಸಿದನೆಂಬುದು ಇತಿಹಾಸದ ಒಂದು ವಿನೋದ.

ಇವುಗಳಲ್ಲಿ ರಾಯಣ್ಣನ ಲಾವಣಿ ನಮ್ಮವರಿಗೆ ಬಹಳ ಹತ್ತಿರದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಆಮೇಲೆ ಕಿತ್ತೂರು ಸೋತು ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ರಾಯಣ್ಣ ಮತ್ತೆ ಜನರನ್ನು ಕೂಡಿಸಿಕೊಂಡು ಹೋರಾಡಿ, ಮೋಸದಿಂದ ಸೆರೆಸಿಕ್ಕು, 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ. ಅಲ್ಲಿಯ ಆಲದ ಮರದ ಬುಡಕ್ಕೆ ಇಂದಿಗೂ ಹರಕೆ ಹೊತ್ತು ಬರುವವರಿದ್ದಾರೆ. ಅವನನ್ನು ಒಂದು ನೂರ ತೊಂಬತ್ತು ವರ್ಷಗಳಿಗೂ ಮಿಕ್ಕಿ ಜನರ ನಾಲಗೆಯ ಮೇಲೆ ಇಟ್ಟವರಾರು? ಶಾಲೆಯ ಪಠ್ಯಪುಸ್ತಕವಲ್ಲ, ಸಿನೆಮವೂ ಅಲ್ಲ. ಅವೆಲ್ಲ ನಿನ್ನೆ ಮೊನ್ನೆಯವು. ಆ ಕೆಲಸ ಮಾಡಿದವರು ಡಪ್ಪು, ತುಂತುಣಿ, ತಾಳ ಹಿಡಿದು ಜಾತ್ರೆಯಿಂದ ಜಾತ್ರೆಗೆ ನಡೆದ ಗೀಗೀ ಮೇಳದವರು.

ಗೀಗೀ ಮೇಳವನ್ನು ಕೇಳದ ಪಟ್ಟಣದ ಓದುಗರಿಗಾಗಿ ಎರಡು ಮಾತು ಹೇಳುವುದು ಒಳ್ಳೆಯದು. ಮುಂದಾಳು ಹಾಡನ್ನು ಎತ್ತುತ್ತಾನೆ. ಹಿಂದಿನವರು ಸೊಲ್ಲು ಹಿಡಿದು 'ಗೀ ಗೀ' ಎಂದು ಎಳೆಯುತ್ತಾರೆ. ಹಾಡಿಗೆ ಪಲ್ಲವಿರುತ್ತದೆ, ಅದರ ಮೇಲೆ ನುಡಿಗಳು. ನುಡಿಯೊಳಗೆ ಚಾಲು, ಏರು, ಇಳುವು ಎಂದು ಧಾಟಿ ಬದಲಾಗುತ್ತದೆ. ಹರದೇಶಿ, ನಾಗೇಶಿ ಎಂದು ಎರಡು ಪಕ್ಷಗಳಾಗಿ, ಒಬ್ಬರು ಪುರುಷನ ಹಿರಿಮೆಯನ್ನೂ ಇನ್ನೊಬ್ಬರು ಶಕ್ತಿಯ ಹಿರಿಮೆಯನ್ನೂ ಎತ್ತಿಹಿಡಿದು, ಸವಾಲು ಜವಾಬುಗಳಲ್ಲಿ ಬೆಳಗು ಮಾಡುವುದುಂಟು. ಗಡಿಯಾಚೆಯ ಮರಾಠಿ ಲಾವಣಿ, ಪೋವಾಡಗಳಿಗೂ ಇದಕ್ಕೂ ಕೊಳುಕೊಡೆ ಬಹಳ. ಖಾನಾಪುರ ತಾಲೂಕಿನಂಥ ಕಡೆಯಲ್ಲಿ ಸಹ್ಯಾದ್ರಿಯ ಮಗ್ಗುಲಿನ ಹಳ್ಳಿಗಳು ಮರಾಠಿ ಕೊಂಕಣಿಗಳನ್ನಾಡಿದರೆ ಮೂಡಣದ ಹಳ್ಳಿಗಳು ಕನ್ನಡವನ್ನಾಡುತ್ತವೆ. ಅಲ್ಲಿ ಕೇಳುವವನು ಎರಡೂ ಬಗೆಯ ಹಾಡಿಗೆ ತಲೆದೂಗಬಲ್ಲ. ಭಾಷೆಯ ಜಗಳ ಪಟ್ಟಣದಲ್ಲಿ ಎಷ್ಟೇ ಕಾವೇರಿದರೂ ಡಪ್ಪಿನ ಪೆಟ್ಟು ಗಡಿಯನ್ನು ಕೇಳಿ ಬಿದ್ದದ್ದಿಲ್ಲ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಾವಣಿಯ ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ. ಶರಣರ ವಚನದಲ್ಲಿ, ದಾಸರ ಪದದಲ್ಲಿ ಇದ್ದಂತೆಯೇ ಇದೂ. ಆದರೆ ಲಾವಣಿಯ ಅಂಕಿತ ಇಷ್ಟದೈವದ ಹೆಸರಿಗೆ ನಿಲ್ಲುವುದಿಲ್ಲ. ಯಾವ ಊರು, ಆ ಊರಿನ ದೇವರು ಯಾರು, ಕಟ್ಟಿದವನ ಗುರು ಯಾರು, ಹಾಡುವ ಮೇಳ ಯಾವುದು, ಇವುಗಳಲ್ಲಿ ಕೆಲವಾದರೂ ಅಲ್ಲಿ ಬರುತ್ತವೆ. ಹಲಗಲಿ ಬೇಡರ ಲಾವಣಿಯ ಕೊನೆಗೆ ಕುರ್ತಕೋಟಿಯ ಕಲ್ಮೇಶನ ಹೆಸರು ಬರುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಕಟ್ಟಿದವನ ಸ್ವಂತ ಹೆಸರು ಉಳಿಯಲಿಲ್ಲ. ಆದರೆ ಅವನ ಊರು ಉಳಿಯಿತು, ಅವನು ನೆನೆದ ದೇವರು ಉಳಿದ. ಮುಧೋಳದಲ್ಲಿ, ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಿದ ಆ ಘೋರವನ್ನು ಹಾಡು ಮಾಡಿದವನು ಗದಗಿನ ಮಗ್ಗುಲಿನ ಕುರ್ತಕೋಟಿಯ ಕಡೆಯವನೆಂದು ಇಷ್ಟು ವರ್ಷಗಳ ಮೇಲೂ ಹೇಳಲು ಬರುವುದು ಆ ಒಂದು ನುಡಿಯಿಂದ. ಜನಪದ ಸಾಹಿತ್ಯವೆಂದರೆ ಕರ್ತೃವಿಲ್ಲದ್ದೆಂದು ತರಗತಿಯಲ್ಲಿ ಹೇಳುವುದು ವಾಡಿಕೆ. ಗರತಿಯರ ಬೀಸುವ ಪದಗಳ ಮಟ್ಟಿಗೆ ಆ ಮಾತು ನಿಜ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಗ್ರಹದ ತ್ರಿಪದಿಗಳಿಗೆ ಒಬ್ಬ ಕವಿಯನ್ನು ಹುಡುಕಲಾಗದು, ಹುಡುಕಬೇಕಾಗಿಯೂ ಇಲ್ಲ. ಲಾವಣಿಯ ಮಾತು ಹಾಗಲ್ಲ. ಲಾವಣಿಕಾರ ತನ್ನ ಗುರುತನ್ನು ಬೇಕೆಂದೇ ಹಾಡಿನೊಳಗೆ ಇಟ್ಟವನು.

ಇನ್ನು ಯಂತ್ರದ ಕಥೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞರು ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆ ಹಾಡುಗಳ ಕೊನೆಗೆ ಗೌಹರ್ ಜಾನ್ ಇಂಗ್ಲೀಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಾರೆ. ಕಾರಣ ಸರಳ. ಮುದ್ರಿಸಿದ ಮೂಲಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಕಳಿಸಿ ಅಲ್ಲಿ ತಟ್ಟೆ ಒತ್ತಿಸಬೇಕಾಗಿತ್ತು. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಲ್ಲ! ನನಗಂತೂ ಇದು ಲಾವಣಿಯ ಅಂಕಿತದ ತಂಗಿಯಂತೆ ತೋರುತ್ತದೆ. ಮುಂದೆ ಹೆಸರನ್ನು ಅಚ್ಚು ಹಾಕಿ ತಟ್ಟೆಯ ನಡುವೆ ಅಂಟಿಸುವುದು ಸಲೀಸಾಯಿತು, ಹಾಡಿನೊಳಗೆ ಹೆಸರು ಹೇಳುವ ಪದ್ಧತಿ ನಿಂತಿತು. ಅಂದಿನಿಂದ ಹೆಸರು ಉಳಿಯುವುದು ಬಿಡುವುದು ಚೀಟಿ ಬರೆಯುವವನ ಕೈಗೆ ಹೋಯಿತು.

ಆ ಕಾಲದ ತಟ್ಟೆ ಅರಗಿನದು. ಪಾಂಡವರ ಅರಗಿನ ಮನೆ ಸುಟ್ಟುಹೋಯಿತು. ಈ ಅರಗಿನ ತಟ್ಟೆ ಕೈಜಾರಿದರೆ ಒಡೆದುಹೋಗುವಂಥದು. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವ ಹಾಡು ಸುಮಾರು 3 ನಿಮಿಷದ್ದು. ಖಯಾಲ್ ಹಾಡುವವರು ಗಂಟೆಯ ರಾಗವನ್ನು 3 ನಿಮಿಷಕ್ಕೆ ಇಳಿಸುವ ಸಾಹಸವನ್ನು ಕಲಿತರು. ಅದು ಒಂದು ಬಗೆಯ ಹೊಸ ಕಲೆಯೇ ಆಯಿತು. ಆದರೆ ಕಥನದ ಹಾಡನ್ನು 3 ನಿಮಿಷಕ್ಕೆ ಇಳಿಸುವುದು ಹೇಗೆ? ಪಲ್ಲವನ್ನು ಬಿಡುವಂತಿಲ್ಲ, ಅದೇ ಹಾಡಿನ ಗುರುತು. ಮೊದಲ ನುಡಿಯನ್ನು ಬಿಡುವಂತಿಲ್ಲ, ಕಥೆ ಶುರುವಾಗಬೇಕು. ಹೆಚ್ಚೆಂದರೆ ನಡುವಿನ ಒಂದು ರಸವತ್ತಾದ ಪ್ರಸಂಗವನ್ನು ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಮುಳ್ಳು ತಟ್ಟೆಯ ನಡುವಿಗೆ ಬಂದಿರುತ್ತದೆ. ಹೀಗೆ ಕತ್ತರಿ ಮೊದಲು ಬೀಳುವುದು ಕೊನೆಯ ನುಡಿಗೆ. ಕಟ್ಟಿದವನ ಹೆಸರು, ಊರು, ಗುರು ಎಲ್ಲ ಇರುವುದು ಅಲ್ಲಿಯೇ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ ಇದು. ಯಂತ್ರದ ಅಳತೆಗೆ ಹಾಡನ್ನು ಹೊಂದಿಸುವಾಗ ತಾನಾಗಿ ನಡೆದುಹೋಗುವಂಥದು. ಆಮೇಲೆ ತಟ್ಟೆಯ ಚೀಟಿಯ ಮೇಲೆ ಹಾಡಿದವರ ಹೆಸರಿನ ಕೆಳಗೆ 'ಜನಪದ' ಎಂಬ ಒಂದೇ ಪದವನ್ನು ಅಚ್ಚು ಹಾಕಿದರೆ ಕೆಲಸ ಪೂರ್ತಿಯಾಯಿತು.

ಹೆಸರಿನ ವಿಷಯದಲ್ಲಿ ಹಾಡುವವರ ಪಾಡೂ ಸುಖದ್ದಾಗಿರಲಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಅಲ್ಲಿ ಸ್ವಾಗತಗೀತೆಗೆ ದನಿಗೂಡಿಸಿದ ಹುಡುಗಿಯರಲ್ಲಿ 11 ವರ್ಷದ ಗಂಗೂಬಾಯಿ ಹಾನಗಲ್ ಇದ್ದರು. ಆ ದನಿಯನ್ನು ಹಿಡಿದಿಟ್ಟ ತಟ್ಟೆ ಇಲ್ಲ. ಮೈಕಿನ ಮೂಲಕ ವಿದ್ಯುತ್ತಿನಿಂದ ಮುದ್ರಿಸುವ ಕ್ರಮ ಜಗತ್ತಿನಲ್ಲಿ ಬಳಕೆಗೆ ಬಂದದ್ದೇ ಮರುವರ್ಷ, 1925ರಲ್ಲಿ. ಮುಂದೆ 1930ರ ದಶಕದಲ್ಲಿ ಅವರ ಮೊದಲ ತಟ್ಟೆಗಳು ಹೊರಬಂದಾಗ ಅವುಗಳ ಮೇಲಿದ್ದ ಹೆಸರು 'ಗಾಂಧಾರಿ'. ಅಂಥ ಗಾಯಕಿಯ ಮೊದಲ ಮುದ್ರಿಕೆಯೂ ಅವರ ನಿಜವಾದ ಹೆಸರನ್ನು ಹೊತ್ತು ಬರಲಿಲ್ಲವೆಂದ ಮೇಲೆ ಹಳ್ಳಿಯ ಲಾವಣಿಕಾರನ ಪಾಡೇನು?

1948ರಲ್ಲಿ ಅಮೇರಿಕೆಯಲ್ಲಿ ನಿಮಿಷಕ್ಕೆ 33 ಸುತ್ತು ಚಿಲ್ಲರೆ ತಿರುಗುವ ದೊಡ್ಡ ತಟ್ಟೆ ಬಂತು. 12 ಅಂಗುಲದ ಆ ವಿನೈಲಿನ ತಟ್ಟೆಯ ಒಂದೊಂದು ಮಗ್ಗುಲಿಗೆ 20 ನಿಮಿಷಕ್ಕೂ ಹೆಚ್ಚು ಹಾಡು ಹಿಡಿಯುತ್ತದೆ. ಇಡಿಯ ಲಾವಣಿಗೆ ಅಲ್ಲಿ ಜಾಗವಿದೆ. ಆದರೆ ಅಷ್ಟರಲ್ಲಿ ಕೇಳುವವರ ಕಿವಿ 3 ನಿಮಿಷದ ಅಳತೆಗೆ ಒಗ್ಗಿಹೋಗಿತ್ತು. ದೊಡ್ಡ ತಟ್ಟೆಯ ಮೇಲೂ ಆರೋ ಎಂಟೋ ತುಂಡು ಹಾಡುಗಳೇ ಬಂದವು. ನಮ್ಮ ಭಾಗದಲ್ಲಿ ಈ ಕೊರತೆಯನ್ನು ಒಂದಿಷ್ಟು ತುಂಬಿದ್ದು 1950ರ ಜನವರಿ 8ರಂದು ಶುರುವಾದ ಧಾರವಾಡದ ಆಕಾಶವಾಣಿ. ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ 1911ರಲ್ಲಿ ಹುಟ್ಟಿದ ಹುಕ್ಕೇರಿ ಬಾಳಪ್ಪನವರು 'ಸಾವಿರ ಹಾಡುಗಳ ಸರದಾರ'ರೆಂದು ಮನೆಮಾತಾದದ್ದರಲ್ಲಿ ಆ ನಿಲಯದ ಪಾಲೂ ಇದೆ. ಜನಪದದ ಪದಗಳನ್ನೂ ಬೇಂದ್ರೆಯವರ ಕವಿತೆಗಳನ್ನೂ ಒಂದೇ ಉತ್ಸಾಹದಿಂದ ಹಾಡಿ, 1992ರಲ್ಲಿ ಅವರು ತೀರಿಕೊಂಡರು. ಆಮೇಲೆ ಕ್ಯಾಸೆಟ್ಟಿನ ಕಾಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಾಗಿಸಿದ 'ನಿತ್ಯೋತ್ಸವ' ಹೊರಬಂದು ಭಾವಗೀತೆ ಮನೆಮನೆಗೆ ಹೋಯಿತು, ಜೊತೆಗೆ ಕವಿಯ ಹೆಸರೂ ಹೋಯಿತು. ಲಾವಣಿಕಾರನಿಗೆ ಈ ಭಾಗ್ಯ ಬರಲಿಲ್ಲ. ಅವನೂ ಕವಿಯೆಂಬುದು ನಮಗೆ ಹೊಳೆಯಲೇ ಇಲ್ಲ.

ಇದು ಬರಿಯ ವಿದ್ವಾಂಸರ ಚರ್ಚೆಯಲ್ಲವೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜಾನಪದದ ಪಾಠ ಶುರುಮಾಡುವಾಗ ಮನೆಯ ಹಿರಿಯರಿಂದ ಒಂದು ಹಾಡನ್ನು ಬರೆದುಕೊಂಡು ಬರಲು ನನ್ನ ವಿದ್ಯಾರ್ಥಿಗಳಿಗೆ ಹೇಳುವ ರೂಢಿ ನನ್ನದು. ಖಾನಾಪುರ ತಾಲೂಕಿನ ಒಬ್ಬ ಹುಡುಗ ತನ್ನ ಅಜ್ಜನ ಹಾಡಿನ ವಹಿಯನ್ನೇ ತಂದ. ಅದರಲ್ಲಿಯ ಒಂದು ಲಾವಣಿ ಅವನ ಮೊಬೈಲಿನಲ್ಲಿಯೂ ಇತ್ತು, ಯಾವುದೋ ಹಳೆಯ ಕ್ಯಾಸೆಟ್ಟಿನಿಂದ ಇಳಿದದ್ದು. ವಹಿಯಲ್ಲಿ ಒಂಬತ್ತು ನುಡಿ, ಮೊಬೈಲಿನಲ್ಲಿ ಮೂರು. ಕೊನೆಯ ನುಡಿಯಲ್ಲಿ ಇದ್ದ ಊರಿನ ಹೆಸರು, ಗುರುವಿನ ಹೆಸರು ಮೊಬೈಲಿನ ಹಾಡಿನಲ್ಲಿ ಇರಲಿಲ್ಲ. ಹುಡುಗ ಅಲ್ಲಿಯವರೆಗೆ ಅದನ್ನು ಯಾರೂ ಕಟ್ಟದ ಹಾಡೆಂದೇ ತಿಳಿದಿದ್ದ. ಒಂದು ರವಿವಾರ ಅವನ ಅಜ್ಜನನ್ನು ಕಂಡು ಮಾತಾಡಿಸಿದೆ. ಮೂರು ನುಡಿಯ ಹಾಡನ್ನು ಕೇಳಿಸಿ, ಹೇಗಿದೆಯೆಂದು ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದನಿ ಚಲೋ ಐತ್ರಿ ಸರ. ಆದ್ರ ಕಡೀ ನುಡಿ ಹಾಡಲಿಲ್ಲಂದ್ರ ಕಟ್ಟಿದಾಂವಗ ಶರಣ ಮಾಡಿಧಾಂಗ ಆಗೂದಿಲ್ರಿ" ಎಂದರು. ಪಾಠದಲ್ಲಿ ನಾನು ಒಂದು ತಾಸು ಹೇಳುವುದನ್ನು ಅವರು ಒಂದು ಮಾತಿನಲ್ಲಿ ಹೇಳಿದರು.

ಕಾಯಿದೆ ಈ ವಿಷಯದಲ್ಲಿ ಏನು ಹೇಳುತ್ತದೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಧ್ವನಿಮುದ್ರಿಕೆಯ ಹಕ್ಕು, ಅದು ಪ್ರಕಟವಾದ ಮರುವರ್ಷದ ಮೊದಲ ದಿನದಿಂದ 60 ವರ್ಷ ನಡೆಯುತ್ತದೆ. 1992ರ ತಿದ್ದುಪಡಿಗಿಂತ ಮುಂಚೆ ಅದು 50 ವರ್ಷವಿತ್ತು. 1960ರಲ್ಲಿ ಹೊರಬಂದ ತಟ್ಟೆ 2021ರ ಜನವರಿ 1ರಿಂದ ಎಲ್ಲರಿಗೂ ಮುಕ್ತವಾಯಿತೆಂದು ಅರ್ಥ. ಹಾಡುವವರಿಗೆ, ನುಡಿಸುವವರಿಗೆ ತಮ್ಮದೇ ಆದ ಹಕ್ಕೆಂಬುದು ಕಾಯಿದೆಯಲ್ಲಿ ಬಂದದ್ದು 1994ರಲ್ಲಿ. ಅದಕ್ಕೂ ಹಿಂದೆ ಹಾಡಿದ ಮೇಳದವರಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೆ. ಲಾವಣಿ ಕಟ್ಟಿದವನಂತೂ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಆದರೆ ಕಾಯಿದೆ ಬೇಡವೆಂದರೂ ಹೆಸರು ಹೇಳುವುದನ್ನು ಯಾರೂ ತಡೆದಿಲ್ಲ. ದುಡ್ಡು ಕೊಡುವುದು ಕಷ್ಟವಾಗಬಹುದು, ಹೆಸರು ಕೊಡುವುದಕ್ಕೆ ಖರ್ಚೇನು?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಜನಪದವೆಂದರೆ ಎಲ್ಲರದು; ಒಬ್ಬ ಕಟ್ಟಿದ್ದನ್ನು ಹತ್ತು ಮಂದಿ ತಿದ್ದಿ ಹಾಡಿ ಬೆಳೆಸುತ್ತಾರೆ; ಹೀಗಿರುವಾಗ ಒಬ್ಬನ ಹೆಸರಿಗೆ ಅಷ್ಟು ಹಟವೇಕೆ, ತಟ್ಟೆಯಾದರೂ ಆ ದನಿಯನ್ನು ಉಳಿಸಿತಲ್ಲ, ಎಂದು. ಈ ಮಾತಿನಲ್ಲಿ ಸತ್ಯವಿದೆ. ಲೋಮ್ಯಾಕ್ಸರ ಯಂತ್ರ ಆ ದಿನ ಮಿಡಲ್ಸ್‌ಬರೋ ಊರಿಗೆ ಹೋಗದಿದ್ದರೆ ಜಾರ್ಜಿಯಾ ಟರ್ನರಳ ದನಿ ಇಂದು ನಮಗೆ ಸಿಕ್ಕುತ್ತಿರಲಿಲ್ಲ. ಫ್ಲೀಟ್ ಸಾಹೇಬರ ಅಚ್ಚಿನಲ್ಲಿ ಮಾತು ಉಳಿದಿದೆ, ಆದರೆ ರಾಯಣ್ಣನ ಲಾವಣಿಯನ್ನು ಆ ಕಾಲದ ಹಾಡುಗಾರ ಯಾವ ದನಿಯಲ್ಲಿ ಎತ್ತುತ್ತಿದ್ದನೆಂದು ಆ ಹಾಳೆ ಹೇಳಲಾರದು. ಅಚ್ಚಿನಲ್ಲಿ ದನಿಯಿಲ್ಲ, ತಟ್ಟೆಯಲ್ಲಿ ಕೊನೆಯ ನುಡಿಯಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಹಾಡು ಎಲ್ಲರದಾಗುವುದಕ್ಕೂ ಕಟ್ಟಿದವನ ಗುರುತು ಉಳಿಯುವುದಕ್ಕೂ ಜಗಳವಿಲ್ಲ. ನೂರು ಮೇಳದವರು ನೂರು ಬಗೆಯಾಗಿ ಹಾಡಿದಾಗಲೂ ಕೊನೆಗೆ ಅಂಕಿತ ಹಾಡಿ ಕೈಮುಗಿಯುವ ಪದ್ಧತಿಯನ್ನು ಹಿಂದಿನವರೇ ಇಟ್ಟುಕೊಂಡಿದ್ದರು.

ಜಯಂತಿಯ ನೆವದಿಂದ ಹಳೆಯ ತಟ್ಟೆಗಳನ್ನು ಮತ್ತೆ ಒತ್ತುವ ಪದ್ಧತಿ ನಮ್ಮ ಕನ್ನಡದ ಜನಪದ ಹಾಡುಗಳಿಗೂ ಬರಬೇಕೆಂಬುದು ನನ್ನ ಆಸೆ. ಬಂದಾಗ ಹಳೆಯ ಹೊದಿಕೆಯ ಚಿತ್ರವನ್ನು ಹಾಗೆಯೇ ಅಚ್ಚು ಹಾಕಿದರೆ ಸಾಲದು. ದೊಡ್ಡ ತಟ್ಟೆಯ ಹೊದಿಕೆಯೆಂದರೆ ಒಂದು ಚದರಡಿಯ ಕಾಗದ. ಅದರ ಹಿಂಬದಿಯ ಮೇಲೆ ಲಾವಣಿಯ ಪೂರ್ತಿ ಪಾಠ, ಅಂಕಿತದ ನುಡಿಯ ಸಹಿತ, ಸಾವಕಾಶವಾಗಿ ಹಿಡಿಯುತ್ತದೆ. ಮುಂದಾಳಿನ ಹೆಸರಿನ ಜೊತೆಗೆ ಹಿಂದೆ ಸೊಲ್ಲು ಹಿಡಿದವರ ಹೆಸರು, ಡಪ್ಪು ತುಂತುಣಿ ನುಡಿಸಿದವರ ಹೆಸರು, ಅವರ ಊರು, ಹಾಡಿದ ವರ್ಷ ಇವುಗಳಿಗೂ ಅಲ್ಲಿ ಜಾಗವಿದೆ. ಇವನ್ನೆಲ್ಲ ಕೂಡಿಸಲು ಇನ್ನೂ ಕೆಲವು ವರ್ಷ ಮಾತ್ರ ನಮಗೆ ಅನುಕೂಲವಿದೆ. ಅರಗಿನ ತಟ್ಟೆಗಳು ಅಟ್ಟದ ಮೇಲೆ ಒಡೆಯುತ್ತಿವೆ, ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತಿದೆ. ಪೂರ್ತಿ ನುಡಿಗಳನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಓದುಗರಲ್ಲಿ ಅನೇಕರ ಮನೆಯಲ್ಲಿ ಅಂಥ ಒಂದು ತಟ್ಟೆಯೋ ಕ್ಯಾಸೆಟ್ಟೋ ಅಜ್ಜನ ಹಾಡಿನ ವಹಿಯೋ ಇದ್ದೀತು. ರದ್ದಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿರಿ. ಹಾಡಿನ ಕೊನೆಯ ನುಡಿಯಲ್ಲಿ ಒಂದು ಊರಿನ ಹೆಸರಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಆ ತಟ್ಟೆಯ ಹೊದಿಕೆಯೊಳಗೆ ಇಡಿರಿ. ಮುಂದೆ ಯಾರಾದರೂ ಅದನ್ನು ಮತ್ತೆ ಒತ್ತಿಸುವ ದಿನ ಬಂದರೆ ಆ ಚೀಟಿ ಬೇಕಾಗುತ್ತದೆ.